ಕದಿರು

ಪರೀಕ್ಷೆಯಲ್ಲಿ ಕೇಳಿದ್ದರು:
ಮಾಮಾ ಒಕ್ಲ್ಯೊ ಬಂದದ್ದು ಎಲ್ಲಿಂದ?
ಸರಿಯಾದ ಒಂದಕ್ಕೆ ಗುರುತು ಹಾಕಿ.
ಅ. ಟಿಟಿಕಾಕಾ ಸರೋವರದಿಂದ.
ಆ. ಪಕಾರಿತಾಂಬೊದ ಗವಿಯಿಂದ.
ಎರಡಕ್ಕೂ ಹಾಕಿದೆ. ಸೊನ್ನೆ ಬಂತು.

ಅಜ್ಜಿ ಯುಸ್ತಾಕಿಯಾ ಆ ಸೊನ್ನೆಯನ್ನು
ಬೆಳಕಿಗೆ ಹಿಡಿದು ನೋಡಿದಳು.
"ಕದಿರಿನ ಬಿಲ್ಲೆ ಇದ್ದ ಹಾಗಿದೆಯಲ್ಲೇ," ಅಂದಳು,
"ನಡುವೆ ಒಂದು ಕಡ್ಡಿ ತೂರಿಸು, ತಿರುಗುತ್ತೆ."

ಅಲ್ಪಾಕಾ ಉಣ್ಣೆಯನ್ನು ಮಣಿಕಟ್ಟಿಗೆ ಸುತ್ತಿ
ಹೊಸ್ತಿಲ ಮೇಲೆ ಕೂತಳು.
ಕೂರದೆಯೂ ನೂಲುತ್ತಿದ್ದವಳೇ ಬಿಡಿ:
ಸೌದೆ ಹೊತ್ತು ದಿಬ್ಬ ಹತ್ತುವಾಗ,
ಗಂಡನ ಹೆಣದ ಹಿಂದೆ ನಡೆಯುವಾಗ ಕೂಡ.

ಸರೋವರದ ಕಥೆ ನೀರಿನವರದು.
ಅಲ್ಲಿ ಸೂರ್ಯ ತನ್ನ ಮಗ, ಮಗಳನ್ನು
ಜೊಂಡಿನ ದಡಕ್ಕಿಳಿಸಿ ಹೊನ್ನಕೋಲೊಂದು ಕೊಟ್ಟ:
ಒಂದೇ ಏಟಿಗೆ ನೆಲ ಇದನ್ನೆಲ್ಲಿ ನುಂಗುತ್ತೋ
ಅಲ್ಲೇ ನಿಮ್ಮ ಬಿಡಾರ.
ನಡೆದರು. ಚುಚ್ಚಿದಲ್ಲೆಲ್ಲ ಕಲ್ಲು ಕಿಡಿ ಕಾರಿತು.
ಅವನು ಕೋಲೆತ್ತುವ ಮೊದಲೇ
ಅವಳು ಬಗ್ಗಿ, ಚಿಟಿಕೆ ಮಣ್ಣು ನಾಲಗೆಗಿಟ್ಟು
"ಇಲ್ಲಲ್ಲ" ಅನ್ನುತ್ತಿದ್ದಳು.
ಇದನ್ನು ಯಾರೂ ಬರೆದುಕೊಳ್ಳಲಿಲ್ಲ.
ಬರೆದುಕೊಳ್ಳಲು ಬಂದವರು ಕುದುರೆ ಮೇಲಿದ್ದರು,
ಅಷ್ಟೆತ್ತರದಿಂದ ನಾಲಗೆ ಕಾಣುವುದಿಲ್ಲ,
ಕೋಲು ಕಾಣುತ್ತದೆ.
ಅದೂ ಕೋಲಲ್ಲವೇ ಹುಡುಗಿ. ಕದಿರು.
ಅಪ್ಪನ ಮೈಯಲ್ಲಿ ಬಿಸಿಲಾಗಿದ್ದದ್ದು
ಮಗಳ ಕೈಯಲ್ಲಿ ನೂಲಿಗೆ ಬಂತು.

ಗವಿಯ ಕಥೆ ನಮ್ಮದು.
ಬೆಟ್ಟಕ್ಕೆ ಮೂರು ಕಿಟಕಿ. ನಡುವಿನದರಿಂದ
ನಾಲ್ವರು ಗಂಡುಮಕ್ಕಳು, ನಾಲ್ವರು ಹೆಣ್ಣುಮಕ್ಕಳು
ಅಂಚು ಹೆಣೆದ ಬಟ್ಟೆ ಉಟ್ಟೇ ಹೊರಬಂದರು.
"ಅವರೇ ಮೊದಲಿಗರಾದರೆ
ಆ ಬಟ್ಟೆ ನೇಯ್ದವರು ಯಾರಜ್ಜಿ?"
ತಲೆಗೊಂದು ಮೊಟಕಿದಳು, ಮೆಚ್ಚಿ.

ಅವರಲ್ಲೊಬ್ಬ ಕಾಚಿ.
ನಮ್ಮ ಮಾತಲ್ಲಿ ಕಾಚಿ ಅಂದರೆ ಉಪ್ಪು.
ಅವನು ಕವಣೆ ಬೀಸಿದರೆ ಬೆಟ್ಟ ಬಿರಿದು ಕಣಿವೆಯಾಗುತ್ತಿತ್ತು.
ಉಳಿದವರಿಗೆ ದಿಗಿಲು.
"ಹೊನ್ನಿನ ಬಟ್ಟಲು ಒಳಗೇ ಮರೆತೆವು, ಬಿತ್ತನೆ ಬೀಜವನ್ನೂ.
ನೀನೇ ಗಟ್ಟಿಗ, ತಂದುಕೊಡು."
ಹೊಗಳಿಕೆಗೆ ಹಿಗ್ಗಿ ಹೋದ.
ಗವಿಯ ಬಾಯಿಗೆ ಬಂಡೆ ಇಟ್ಟರು.

ಒಕ್ಲ್ಯೊ?

ಅಜ್ಜಿ ಕಡಿದ ಎಳೆಯನ್ನು ಎಂಜಲಲ್ಲಿ ಹೊಸೆದಳು.
ಅವಳೂ ಅಲ್ಲೇ ನಿಂತಿದ್ದಳು.
ತಡೆದಳು ಅಂತ ನನಗೆ ಯಾರೂ ಹೇಳಿಲ್ಲ.
ನಿನಗೆ ನಾನೂ ಹೇಳುವುದಿಲ್ಲ.

ಆಮೇಲೆ ಕುಸ್ಕೊ. ನೆಲ ನುಂಗಿತು,
ಮುಸುಕಿನ ಜೋಳ ಮೊಳೆಯಿತು, ಮಗನೂ ಹುಟ್ಟಿದ.
ಆದರೆ ರಾತ್ರಿ ಕೂಸಿಗೆ ಮೊಲೆ ಕೊಟ್ಟು
ಮಗ್ಗುಲಾದರೆ ಚಾಪೆಯ ಕೆಳಗೆ
ಯಾರೋ ಗುದ್ದುವ ಸದ್ದು.
ಬೆಳಗಾಗುತ್ತಲೇ ಹೆಂಗಸರನ್ನೆಲ್ಲ ಕೂಗಿ
ಒಬ್ಬೊಬ್ಬಳ ಕೈಗೂ ಒಂದು ಕದಿರಿಟ್ಟಳು.
ನೂಲು ಕಲಿಸಿದ ತಾಯಿ ಅನ್ನುತ್ತಾರೆ ನಿಮ್ಮ ಮೇಷ್ಟ್ರು.
ಸುಳ್ಳಲ್ಲ, ಕಲಿಸಿದಳು.
ಆದರೆ ಊರ ಕದಿರೆಲ್ಲ ಒಟ್ಟಿಗೆ ತಿರುಗುವುದನ್ನು
ನೀನು ಕೇಳಿಲ್ಲ, ನಾನು ಸಣ್ಣವಳಿದ್ದಾಗ ಕೇಳಿದ್ದೇನೆ.
ಜೇನುಗೂಡಿನೊಳಗೆ ತಲೆಯಿಟ್ಟ ಹಾಗೆ.
ಬೇರೇನೂ ಕೇಳಿಸುವುದಿಲ್ಲ.

ಆಲೂಗಡ್ಡೆ ಬೆಂದಿತ್ತು.
ಅಜ್ಜಿ ಎಂದಿನಂತೆ ಮೊದಲ ಚಿಟಿಕೆ ಉಪ್ಪನ್ನು
ಮಣ್ಣುನೆಲಕ್ಕೆ ಹಾಕಿದಳು.
ಅಲ್ಲಿವರೆಗೂ ಅದು
ಭೂಮಿತಾಯಿಗೆ ಎಂದುಕೊಂಡಿದ್ದೆ.

ಆ ವರ್ಷವೇ, ಹಿಮ ಬಿದ್ದ ಒಂದು ನಸುಕಿನಲ್ಲಿ,
ನೆಲ ನಡುಗಿತು.
ಹೆಂಚು ಉದುರಿತು, ಲಾಮಾಗಳು ಹಗ್ಗ ಹರಿದವು,
ಊರೆಲ್ಲ ಚರ್ಚಿನ ಬಯಲಿಗೆ ಓಡಿತು.
ಅಜ್ಜಿ ಹೊಸ್ತಿಲಲ್ಲೇ ಇದ್ದಳು.
ಎಳೆದೊಯ್ಯಲು ಕೈ ಹಿಡಿದೆ. ಬರಿಗೈ.
ಹುಟ್ಟಿದ ಮೇಲೆ ಮೊದಲ ಸಲ ಅದರ ಅಂಗೈ ನೋಡಿದೆ.
ಕದಿರು ಪಕ್ಕದಲ್ಲಿ ಮಲಗಿತ್ತು, ನೂಲು ಅರ್ಧಕ್ಕೆ.
ತಲೆ ವಾಲಿಸಿ ಕೇಳುತ್ತಿದ್ದಳು.

"ಈ ಸಲ ಬರ್ತಾನೇನೋ," ಅಂದಳು,
ಒಲೆಗೆ ಇನ್ನೆರಡು ಆಲೂಗಡ್ಡೆ ಹಾಕಬೇಕೇನೋ
ಎಂದು ಕೇಳುವವಳ ದನಿಯಲ್ಲಿ.