ಮೂಗುತಿ

ಅದಕ್ಕ ಕಂಪನಿಯವರು ಇಟ್ಟ ಹೆಸರು ಏರೇಟರ್.
ನಾನು ಮೂಗುತಿ ಅಂತೀನಿ.
ನಳದ ತುದಿಗೆ ತಿರುವಿ ಕೂಡಿಸಿದರ
ಬೆರಳ ದಪ್ಪ ಧಾರಿ ಬೆಳ್ಳಗ ನೊರಿನೊರಿಯಾಗಿ
ಸಪ್ಪಳಿಲ್ಲದ ಇಳಿತದ.
ಅರವತ್ತನಾಕು ಮನಿ, ಮನಿಗೆ ನಾಕು.
ಮೇ ತಿಂಗಳು, ಪಾನಾ ಮುಟ್ಟಿದರ ಅಂಗೈಗೆ ಬೊಬ್ಬಿ.
ಎರಡು ಹಗಲು ಒಂದು ರಾತ್ರಿ ಕುಂತು
ಇನ್ನೂರ ಐವತ್ತಾರು ಮೂಗು ಚುಚ್ಚಿನಿ
ರಾಯಚೂರಿನ ಆಶಾಪುರ ರಸ್ತೆದಾಗ.

ಆದೆಪ್ಪ ಸಾವುಕಾರ್ರಿಗೆ ಹಸಿರಂದ್ರ ಮೊದಲು ಭತ್ತ ಇತ್ತು,
ಈಗ ಒಂದು ಕಾಗದ.
"ನಾಕು ಎಲಿ ಕೊಟ್ಟರ ಚದರಡಿಗೆ ಇನ್ನೂರು ಏರಸ್ತೀನಿ,
ಮೂರಾದ್ರ ನೂರಾ ಇಪ್ಪತ್ತು.
ಬ್ಯಾಂಕಿನವನೂ ಕುರ್ಚಿ ಎಳದು ಕೂಡ್ರಸ್ತಾನ"
ಅಂತ ಬೆರಳು ಮಡಚಿ ಎಣಿಸಿದರು.
ತಪ್ಪೇನದ?
ಅವರ ರೈಸ್ ಮಿಲ್ಲಿನಾಗೂ
ಪಾಲಿಶ್ ಹೊಡದ ಅಕ್ಕಿಗೇ ರೇಟು.

ಹೈದರಾಬಾದಿನಿಂದ ಪ್ರತ್ಯೂಷಾ ಮೇಡಂ ಬಂದರು.
ಕೈಯಾಗ ಗೀಟು ಹೊಡದ ಜಗ್ಗು, ಫೋನಿನಾಗ ಸೆಕೆಂಡು.
ನಳದ ಕೆಳಗ ಜಗ್ಗು ಹಿಡದು
ನಾಡಿ ನೋಡೋ ಡಾಕ್ಟರ್ ಹಂಗ ಉಸಿರು ಬಿಗಿಹಿಡದರು.
ನಿಮಿಷಕ್ಕ ಮೂರು ಲೀಟರ್. ಟಿಕ್.
ಕಕ್ಕಸಿಗೆ ಎರಡು ಬಟನ್ನು, ಸಣ್ಣದು ದೊಡ್ಡದು. ಟಿಕ್.
ಮಳಿ ನೀರಿನ ಗುಂಡಿ, ಕಡಿ ತುಂಬಿದ್ದು,
ಇನ್ನ ಒಂದು ಹನಿ ಕಂಡಿಲ್ಲ.
ಅದಕ್ಕೂ ಟಿಕ್.

ಬಾಜೂಕ ಉರುಕುಂದಮ್ಮ ನಿಂತಿದ್ದಳು
ಹೆಗಲಿಗೆ ಪೈಪು ಸುತ್ತಿಕೊಂಡು.
ಹನ್ನೊಂದು ತಿಂಗಳು ಸ್ಲ್ಯಾಬಿಗೆ, ಕಾಲಮ್ಮಿಗೆ,
ಕಾಲಮ್ಮಿಗೆ ಸುತ್ತಿದ ಗೋಣಿಚೀಲಕ್ಕ
ನೀರು ಕುಡಿಸಿದಾಕಿ.
"ಯವ್ವಾ, ಈ ಮನಿ ಬೆಳಿವಾಗ ಕುಡದದ್ದು ಬರಕೊಂಡ್ರೇನು?
ದಿನಾ ಎರಡು ಟ್ಯಾಂಕರ್" ಅಂದಳು.
ಮೇಡಮ್ಮಗ ಕನ್ನಡ ಅರ್ಧ ತಿಳಿತದ.
ಕಾಗದ ತಿರುವಿ ತಿರುವಿ ನೋಡಿದರು.
ಆ ಕಾಲಮ್ಮು ಅದರಾಗ ಇದ್ದಿಲ್ಲ.
ಹೋಗೋ ಮುಂದ
ತಮ್ಮ ನೀರಿನ ಬಾಟಲಿ ಆಕಿ ಕೈಗಿಟ್ಟು
ಮಾತಾಡದ ಕಾರು ಹತ್ತಿದರು.

ನಾಕು ಎಲಿ ಬಂದವು. ಗೇಟಿನ ಕಲ್ಲಿಗೆ ಹಿತ್ತಾಳಿ ಫಲಕ.
ದೀಪಾವಳಿಗೆ ಮಂದಿ ಹಾಲುಕ್ಕಿಸಿದರು,
ಹದಿನೈದು ದಿನಕ್ಕ ಫೋನು ಶುರು.
"ಧಾರಿನೇ ಇಲ್ಲ, ಇದು ನಳನೋ ನೆಗಡಿನೋ?"
"ಇಷ್ಟು ರೊಕ್ಕ ಕೊಟ್ಟು ಬಕೀಟಿನ ಮುಂದ ಕಾಯಬೇಕೇನು?"
ಸಾವುಕಾರ್ರು ಅಂದರು,
"ತಗದುಬಿಡಪ ಹುಸೇನಪ್ಪ,
ಫಲಕ ಹೆಂಗೂ ಕಲ್ಲಿಗೆ ಬಡದೀವಿ."
ಕನ್ಯಾ ತೋರಿಸೋ ದಿನ ಓಣಿಯವರ ಒಡವಿ ಹಾಕಿ
ಬೀಗರು ಬಸ್ಸು ಹತ್ತಿದ ಮ್ಯಾಲ ಬಿಚ್ಚಿ ಕೊಡ್ತಾರಲ್ಲ,
ಹಂಗ ಬಿಚ್ಚಿಗೆಂತ ಹೋದೆ,
ಸಿಮೆಂಟಿನ ಖಾಲಿ ಚೀಲದಾಗ ಹಾಕ್ಕೆಂತ.
ಹಾಕಾಕ ಒಂದಕ್ಕ ಹನ್ನೆರಡು ರೂಪಾಯಿ,
ತಗಿಯಾಕ ಎಂಟು.

ಮೂರನೇ ಮಾಳಿಗಿ, ಮುನ್ನೂರ ನಾಕನೇ ನಂಬರು.
ನರ್ಸ್ ಎಸ್ತರಮ್ಮ ರಾತ್ರಿ ಡ್ಯೂಟಿ ಮುಗಿಸಿ ಬಂದಿದ್ದರು,
ಮೊಣಕೈತನಕ ಸಾಬೂನು.
"ಇರಲಿ ಬಿಡಪ.
ಕೈ ತೊಳಿಯಾಕ ಇನ್ನೆಷ್ಟು ಬೇಕು?"
ಮೊಣಕೈಲೇ ಬಾಗಿಲು ದೂಕಿದರು.
ಹೊರಗ ನಿಂತು ಕಿವಿಗೊಟ್ಟೆ.
ಏನೂ ಕೇಳಲಿಲ್ಲ.
ಅಂದ್ರ, ನಾ ಕೂಡಿಸಿದ್ದು ಸರಿಯಾಗೇ ಕೂತದ.

ಮನಿಗೆ ಬಂದು ಚೀಲ ಇಳಿಸಿದೆ.
ನಮ್ಮಾಕಿ ಒಂದನ್ನ ಎತ್ತಿ ಬೆಳಕಿಗೆ ಹಿಡದಳು.
"ನೀರಿಗೆ ಗಾಳಿ ಬೆರಸಾಕ ರೊಕ್ಕ ಕೊಡ್ತಾರಾ?
ನಮ್ಮ ನಳ ಪುಕ್ಕಟೆ ಬೆರಸ್ತದ!
ಆರು ದಿನ ಬರೇ ಗಾಳಿ,
ಏಳನೇ ದಿನ ನಸಿಕಿನಾಗ ಅದಕ್ಕೊಂದಿಷ್ಟು ನೀರು.
ನಮಗೆಷ್ಟು ಎಲಿ ಕೇಳಿ ಬಾ ನಿಮ್ಮ ಮೇಡಮ್ಮನ್ನ."
ಮಗಳು ಅದನ್ನ ಕಸಗೊಂಡು ಸಾಬೂನಿನಾಗ ಅದ್ದಿ ಊದಿದಳು.
ಒಂದು ಜಾಳಿಗಿಗೆ ನೂರು ಗುಳ್ಳಿ,
ಅಂಗಳದ ಒಣ ಕೊಡಗಳಿಗೆ ತಾಗಿ ತಾಗಿ ಒಡದವು.
ಹಿಂದಕ್ಕ ಕೇಳಿದರ ಮುಷ್ಟಿ ಬಿಚ್ಚಲಿಲ್ಲ.

ಮೊನ್ನೆ ಸಾವುಕಾರ್ರ ಫೋನು.
ಮಂತ್ರಾಲಯ ರಸ್ತೆದಾಗ ಇನ್ನೊಂದು ಎದ್ದದಂತ,
ಅದೂ ಅರವತ್ತನಾಕು ಮನಿ,
ಶುಕ್ರವಾರ ತಪಾಸಣಿ.
"ಆ ಚೀಲ ಇಟ್ಟಿಯಿಲ್ಲೋ?"
ಇಟ್ಟೀನ್ರಿ, ಅಂದೆ.
ಐದು ಕಮ್ಮಿ ಬರ್ತಾವ.