ಇಪ್ಪತ್ತು ಗಂಟೆ

ಆಥ್ಲೋನಿನ ನಮ್ಮ ಶಾಲೆಗೆ ಒಂದು ನಿಯಮ:
ಮನೆಗೆ ವರ್ಷಕ್ಕೆ ಇಪ್ಪತ್ತು ಗಂಟೆ.
ಫೀಸು ಬೇರೆ, ಇದು ಬೇರೆ.
ಅಪ್ಪನೋ ಅಮ್ಮನೋ ಬಂದು ಏನಾದರೊಂದು ಮಾಡಿಕೊಡಬೇಕು,
ಬರದಿದ್ದರೆ ಗಂಟೆಗಿಷ್ಟು ಅಂತ ದಂಡ.
ಲೆಕ್ಕ ಇಡುವವಳು ನಾನು, ಕಚೇರಿಯ ರುವೈದಾ.
ಹಸಿರು ರಟ್ಟಿನ ಪುಸ್ತಕ, ನಾಲ್ಕು ಕಾಲಂ:
ಹೆಸರು, ತಾರೀಖು, ಕೆಲಸ, ಗಂಟೆ.

ಕೆಲವರದು ಸುಲಭ.
ಡಾಕ್ಟರ್ ಸಾಲಿ ಒಂದು ಶನಿವಾರ ಬಂದು
ಎಲ್ಲ ಮಕ್ಕಳ ಕಣ್ಣು ನೋಡಿದರು. ಆರು.
ತಸ್ನೀಮಳ ಅಮ್ಮ ಮುನ್ನೂರು ಕೂಸಿಸ್ಟರ್ ಕರಿದು
ಪಾಕದಲ್ಲಿ ಅದ್ದಿ, ಕೊಬ್ಬರಿಪುಡಿ ಉದುರಿಸಿ ತಂದರು,
ಹೊಸ ನಲ್ಲಿಗಳಿಗೆ ದುಡ್ಡು ಕೂಡಿಸಲು.
'ನಾಲ್ಕು ಅಂತ ಬರಿ' ಅಂದರು.
ಮೊಣಕೈ ಮೇಲೆ ಎಣ್ಣೆ ಸಿಡಿದ ಗುರುತು.
ಒಂಬತ್ತು ಬರೆದೆ.

ಇಘ್ಸಾನನ ಅಪ್ಪ ಟ್ಯಾಕ್ಸಿ ವ್ಯಾನು ಓಡಿಸುತ್ತಾರೆ,
ಮಿಚೆಲ್ಸ್ ಪ್ಲೇನಿನಿಂದ ಪೇಟೆಗೆ, ಪೇಟೆಯಿಂದ ವಾಪಸು,
ನಸುಕಿನ ನಾಲ್ಕೂವರೆಗೆ ಮೊದಲ ಟ್ರಿಪ್ಪು.
ಪೋಷಕರ ಸಭೆಯಲ್ಲಿ ಅವರ ಮುಖ ಕಂಡವರಿಲ್ಲ.
ಶಾಲೆಯ ತಿರುವಿನಲ್ಲಿ ಮಾತ್ರ,
ಹದಿನೈದು ಜನ ಒಳಗೆ ಗೊಣಗುತ್ತಿದ್ದರೂ
ವ್ಯಾನು ನಿಧಾನ ಮಾಡಿ ಎರಡು ಸಲ ಹಾರ್ನ್ ಒತ್ತುತ್ತಾರೆ.
ಮೂರನೇ ತರಗತಿಯಲ್ಲಿ ಸೂರಾ ಒಪ್ಪಿಸುತ್ತಿರುವ ಹುಡುಗ
ನಿಲ್ಲಬಾರದ ಕಡೆ ನಿಂತು ನಗುತ್ತಾನೆ.
ಉಸ್ತಾದ್ ಗಾಫೀರ್ ಮೇಜು ತಟ್ಟುತ್ತಾರೆ:
ಮತ್ತೆ ಮೊದಲಿಂದ.
ಎರಡು ಹಾರ್ನಿಗೆ ನಾಲ್ಕನೇ ಕಾಲಮಿನಲ್ಲಿ ಏನು ಬರೆಯಲಿ?

ಝುಲ್ಫಾಳ ಅಮ್ಮನಿಗೆ ಆಸ್ಪತ್ರೆಯಲ್ಲಿ ರಾತ್ರಿಪಾಳಿ.
ಬೆಳಿಗ್ಗೆ ಏಳೂವರೆಗೆ ಫೋನು:
'ಇನ್‌ಹೇಲರ್ ತಂದಿದ್ದಾಳಾ? ತಿಂಡಿ ತಿಂದ ಹಾಗಿದೆಯಾ?
ಸ್ಕಾರ್ಫಿನ ಪಿನ್ನು ಚುಚ್ಚದ ಹಾಗೆ ಸ್ವಲ್ಪ ನೋಡು.'
ಹಿಂದೆ ಟ್ರಾಲಿಯ ಚಕ್ರದ ಕಿರಿಕಿರಿ.
ದಿನಕ್ಕೆ ಎರಡು ನಿಮಿಷ, ವರ್ಷಕ್ಕೆ ಇನ್ನೂರು ದಿನ,
ಒಮ್ಮೆ ಕೂಡಿಸಿ ನೋಡಿದೆ:
ಆರು ಗಂಟೆ ನಲವತ್ತು ನಿಮಿಷ.
ಸಮಿತಿ ಒಪ್ಪಲಿಲ್ಲ.
'ವಿಚಾರಿಸಿಕೊಳ್ಳುವುದು ತಾಯಿಯ ಕೆಲಸ,
ಶಾಲೆಯದಲ್ಲ' ಅಂದರು ಖಜಾಂಚಿ ಫಕೀರ್.
ಇರಬಹುದು. ಆ ಗೆರೆ ಎಲ್ಲಿದೆಯೋ ನಾ ಕಾಣೆ.

ಇನ್ನು ಗಾದೀಜಾ ಅಜ್ಜಿ.
ಗೇಟಿನ ಬಳಿ ಬಣ್ಣದ ಡಬ್ಬಿ ಬೋರಲು ಹಾಕಿ ಕೂರುತ್ತಾರೆ,
ಗಂಟೆ ಹೊಡೆಯುವ ಮೊದಲಿಂದ ಜೊಹರ್ ಬಾಂಗಿನವರೆಗೆ.
ನಮ್ಮೂರ ಆಗ್ನೇಯ ಗಾಳಿ ಅಂದರೆ ತಮಾಷೆಯಲ್ಲ,
ಮೇಜುಬೆಟ್ಟಕ್ಕೆ ಮೋಡದ ಬಟ್ಟೆ ಹಾಸಿತೆಂದರೆ
ಮಕ್ಕಳ ಟೋಪಿಗಳು ರಸ್ತೆಗುಂಟ ಓಡುತ್ತವೆ.
ಅಜ್ಜಿ ಊರುಗೋಲು ಚಾಚಿ ಹಿಡಿಯುತ್ತಾರೆ,
ಮಡಿಲಲ್ಲಿ ಜೋಡಿಸಿಡುತ್ತಾರೆ, ಬಿಳಿದು ಬಿಳಿದರ ಮೇಲೆ.
ಮಧ್ಯಾಹ್ನ ಒಬ್ಬೊಬ್ಬನೇ ಬಂದು, ತಲೆ ಬಗ್ಗಿಸಿ,
ಬೈಸಿಕೊಂಡು ತೊಟ್ಟು ಹೋಗುತ್ತಾನೆ.

ಅವರ ಮೊಮ್ಮಗ ಶಾಲೆ ಬಿಟ್ಟು ಮೂರು ವರ್ಷವಾಯಿತು.
ಈಗ ಡರ್ಬನ್ನಿನ ಬಂದರಿನಲ್ಲಿ ಕ್ರೇನ್ ಹತ್ತುತ್ತಾನೆ.
ನನ್ನ ಪಟ್ಟಿಯಲ್ಲಿ ಅಜ್ಜಿಗೆ ಪುಟವಿಲ್ಲ.
ಹೇಳಬೇಕು ಅಂತ ಎರಡು ಸಲ ಗೇಟಿನ ತನಕ ಹೋದೆ.
ಮೊದಲ ಸಲ, ಶುಂಠಿ ಚಹಾ ಕೊಟ್ಟು ಬಂದೆ.
ಎರಡನೇ ಸಲ ಅವರೇ ಕೇಳಿದರು:
'ಗಂಟೆ ಬರೆದುಕೊಳ್ಳುತ್ತಿದ್ದೀಯಲ್ಲ ಮಗಳೇ?'

ಬರೆದುಕೊಳ್ಳುತ್ತಿದ್ದೇನೆ.
ದಿನಕ್ಕೆ ಐದು, ಯಾರ ಖರ್ಚಿಗೂ ಇಲ್ಲದ ಐದು.
ಅವನ್ನೇ ಒಡೆದು ಹಂಚಿದೆ:
ಇಘ್ಸಾನನ ಮನೆ, ಗೇಟು ಕಾವಲು, ಇಪ್ಪತ್ತು.
ಝುಲ್ಫಾಳ ಮನೆ, ಗೇಟು ಕಾವಲು, ಹದಿಮೂರು ಗಂಟೆ ಇಪ್ಪತ್ತು ನಿಮಿಷ.
ಉಳಿದ ಆರು ನಲವತ್ತನ್ನು
ಅವಳಮ್ಮನ ಹೆಸರಿಗೇ ಬಿಟ್ಟೆ, ಪೆನ್ಸಿಲ್ಲಿನಲ್ಲಿ.

ಸುಳ್ಳು ಲೆಕ್ಕ, ಗೊತ್ತು.
ಹೆಗಲ ಮೇಲೆ ಇಬ್ಬರು ಕೂತು ಬರೆಯುತ್ತಾರಂತೆ,
ಬಲಕ್ಕೊಬ್ಬ, ಎಡಕ್ಕೊಬ್ಬ; ಚಿಕ್ಕಂದಿನಲ್ಲಿ ಇದೇ ಶಾಲೆ ಕಲಿಸಿದ್ದು.
ಇದನ್ನು ಯಾರು ಬರೆದುಕೊಂಡರೋ.
ಅವರ ಪುಸ್ತಕದಲ್ಲಿ ಎಷ್ಟು ಕಾಲಮ್ಮೋ.

ಸೋಮವಾರ ಫಕೀರ್ ಸಾಹೇಬರ ತಪಾಸಣೆ.
ರಬ್ಬರು ಡ್ರಾಯರಿನಲ್ಲಿದೆ, ತೆಗೆದಿಲ್ಲ.
ಹೊರಗೆ ಗಾಳಿ ಎದ್ದಿದೆ,
ಡಬ್ಬಿ ಉರುಳಿದ ಸದ್ದು:
ಅಜ್ಜಿ ಯಾವುದರದೋ ಹಿಂದೆ ಹೊರಟಿರಬೇಕು.