ಮೊಣಕಾಲಿನ ಸರದಿ

ಸಸ್ಕ್ಯಾಚೆವಾನಿನ ಈ ಊರಲ್ಲಿ ಇವತ್ತು ಮೈನಸ್ ಮೂವತ್ತು.
ಕಾಯುವ ಕೋಣೆಯಲ್ಲಿ ಎಲ್ಲರ ಬೂಟಿನ ಹಿಮವೂ
ಒಂದೇ ರಾಡಿಯಾಗಿ ಹರಿಯುತ್ತಿದೆ.

ಟ್ರ್ಯಾಕ್ಟರ್ ಮಾರುವ ಟ್ವೈಟ್ ಸಾಹೇಬರು
ಕೌಂಟರಿಗೆ ಬಾಗಿ ಪಿಸುಗುಟ್ಟಿದರು:
ದುಡ್ಡು ಕೊಡುವವರಿಗೆ ಬೇರೊಂದು ಕಿಟಕಿ ಇಡಬಾರದೇ?

ನಾನು ಬರೀ ಗುಮಾಸ್ತೆ.
ಅವರಿಗಿಂತ ಮುಂದಿದ್ದಾಳೆ ಓಡಾರ್ಕ, ಶಾಲೆಯ ನೆಲ ಒರೆಸುವವಳು;
ಹದಿನಾಲ್ಕು ತಿಂಗಳಿಂದ ಮೆಟ್ಟಿಲನ್ನು
ಮಗುವಿನಂತೆ ಕೂತು ಕೂತು ಇಳಿಯುತ್ತಾಳೆ.

ಮೂಳೆ ಡಾಕ್ಟರು ಇರುವುದು ಒಬ್ಬರೇ, ಸಾರ್.
ಕಿಟಕಿ ಎರಡಾದರೆ
ಅವರ ಕೈ ನಾಲ್ಕಾಗುವುದಿಲ್ಲ.

ಗೊಣಗುತ್ತಾ ಹೋಗಿ ಕೂತರು,
ಖಾಲಿಯಿದ್ದದ್ದು ಅವಳ ಪಕ್ಕದ ಕುರ್ಚಿಯೊಂದೇ.

ಅವರಿಗೆ ಹೇಳದ ಮಾತೊಂದಿದೆ:
ಪಟ್ಟಿಯ ಐವತ್ತೊಂದನೆಯ ಸಾಲಿನಲ್ಲಿ ನನ್ನಮ್ಮ.
ಪೆನ್ಸಿಲ್ಲಿನಲ್ಲಿ ಬರೆದದ್ದು.
ರಬ್ಬರು
ನನ್ನ ಡ್ರಾಯರಿನಲ್ಲೇ ಇದೆ.
ದಿನಾ ಸಂಜೆ
ಅದಕ್ಕೆ ಬೀಗ ಹಾಕಿ, ಎಳೆದು ನೋಡಿ,
ಮನೆಗೆ ಹೋಗುತ್ತೇನೆ.